ಹೊಗೆ ಹಿಡಿಯುವ ಯಂತ್ರ ಮತ್ತು ನಮ್ಮ ಮಕ್ಕಳ ವಿಜ್ಞಾನ



ಅಕ್ಕಲಕೋಟೆಯ ಕಡೆಯ ಕನ್ನಡ ಶಾಲೆಗಳಲ್ಲಿ ಮೂರು ದಶಕ ಕಳೆದ ನನಗೆ ಪ್ರತಿ ಜೂನ್ ತಿಂಗಳಿನಲ್ಲಿ ತಪ್ಪದೆ ಎದುರಾಗುತ್ತಿದ್ದ ಪ್ರಶ್ನೆ ಇದು: "ಗುರುಗಳ, ವಿಜ್ಞಾನ ಕನ್ನಡದಾಗ ಕಲ್ತ ಹುಡುಗ ಮುಂದ ಏನ್ ಮಾಡ್ಯಾನ್ರಿ?" ನಿವೃತ್ತಿಯ ನಂತರ ಅದೇ ಪ್ರಶ್ನೆ ವಾಟ್ಸಾಪಿನಲ್ಲಿ ಬರುತ್ತಿದೆ. ಈ ಸಲ ಪೇಟೆಂಟಿನ ವಿಷಯ ಹಿಡಿದು ಉತ್ತರಿಸುತ್ತೇನೆ.

ಪೇಟೆಂಟ್ ಎಂದರೆ ಗುಟ್ಟನ್ನು ಕಾಯ್ದುಕೊಳ್ಳುವ ಉಪಾಯವೆಂದು ಹಲವರ ಭಾವನೆ. ವಾಸ್ತವದಲ್ಲಿ ಅದು ಗುಟ್ಟನ್ನು ಬಿಟ್ಟುಕೊಟ್ಟವನಿಗೆ ದೊರೆಯುವ ಹಕ್ಕು. ಯಂತ್ರ ಯಾವುದು, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆ ಕಸುಬು ಬಲ್ಲ ಇನ್ನೊಬ್ಬನು ಓದಿ ಮಾಡಬಲ್ಲಷ್ಟು ಪೂರ್ಣವಾಗಿ ಬರೆದುಕೊಡಬೇಕು. ಪ್ರತಿಯಾಗಿ ನಮ್ಮ ದೇಶದಲ್ಲಿ 20 ವರ್ಷಗಳ ಹಕ್ಕು. ಕನ್ನಡ ಎಂ.ಎ. ಮಾಡಿದವನಿಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದೇ ಈ ಕಾರಣದಿಂದ.

ಒಂದು ಉದಾಹರಣೆ. ಸೊಲ್ಲಾಪುರದ ದಕ್ಷಿಣಕ್ಕಿರುವ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೀವು ಕಂಡಿದ್ದೀರಿ. ಕಲ್ಲಿದ್ದಲು ಸುಡುವ ಇಂಥ ಸ್ಥಾವರಗಳಲ್ಲಿ ಬೂದಿ ಚಿಮಣಿ ಸೇರುವ ಮೊದಲೇ ಅದನ್ನು ಹಿಡಿಯುವ ವಿದ್ಯುತ್ ಯಂತ್ರವೊಂದಿರುತ್ತದೆ. ಸಾವಿರಾರು ವೋಲ್ಟಿನ ತಂತಿಗಳ ನಡುವೆ ಹಾಯುವಾಗ ಬೂದಿಕಣಗಳು ವಿದ್ಯುದಾವೇಶ ಪಡೆದು ಎದುರಿನ ಲೋಹದ ತಗಡಿಗೆ ಅಂಟುತ್ತವೆ. ತಗಡನ್ನು ಬಡಿದು ಬೂದಿ ಉದುರಿಸುತ್ತಾರೆ. ತಲೆ ಬಾಚಿದ ಹಣಿಗೆ ಕಾಗದದ ಚೂರುಗಳನ್ನು ಸೆಳೆಯುವ ಆಟದ ಹಿಂದೆ ಇರುವುದೂ ಇದೇ ಶಕ್ತಿ.

ಇದನ್ನು ಕಾರ್ಖಾನೆಯಲ್ಲಿ ನಡೆಯುವಂತೆ ಮಾಡಿದವರು ಅಮೆರಿಕದ ಫ್ರೆಡರಿಕ್ ಕಾಟ್ರೆಲ್. ಇಂಗ್ಲೆಂಡಿನ ಆಲಿವರ್ ಲಾಡ್ಜ್ ಮೊದಲೇ ಯತ್ನಿಸಿದ್ದರು. ಅಂದಿನ ವಿದ್ಯುತ್ ಸಾಧನಗಳಿಗೆ ಅಷ್ಟು ಕಸುವಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದ ಸೆಲ್ಬಿಯಲ್ಲಿ ಲೋಹ ಕರಗಿಸುವ ಕಾರ್ಖಾನೆಯ ಹೊಗೆ ಸುತ್ತಲಿನವರಿಗೆ ಪೀಡೆಯಾಗಿತ್ತು. ಕಾಟ್ರೆಲ್ ತಮ್ಮ ಪ್ರಯೋಗಗಳ ನಡುವೆ ಕತ್ತಲಾಗುವ ಹೊತ್ತಿನಲ್ಲಿ ಒಂದು ಸಂಗತಿ ಗಮನಿಸಿದರು: ಹತ್ತಿನೂಲು ಸುತ್ತಿದ ತಂತಿಯಿಂದ ಮಂದ ಬೆಳಕು ಹೊಮ್ಮುತ್ತಿತ್ತು. ನೂಲಿನ ನವಿರಾದ ಎಳೆಗಳ ತುದಿಗಳಿಂದ ವಿದ್ಯುತ್ತು ಹೊರಚೆಲ್ಲುತ್ತಿತ್ತು. ಹತ್ತಿ ಬೆಳೆಯುವ ನಾಡಿನವರಾದ ನಮಗೆ ಈ ಪ್ರಸಂಗ ವಿಶೇಷವಾಗಿ ರುಚಿಸಬೇಕು! 1908ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. 1912ರಲ್ಲಿ ಅವರು ತಮ್ಮ ಪೇಟೆಂಟುಗಳನ್ನು ರಿಸರ್ಚ್ ಕಾರ್ಪೊರೇಷನ್ ಎಂಬ ಸಂಸ್ಥೆಗೆ ಒಪ್ಪಿಸಿ, ಅದರ ಆದಾಯ ಇತರರ ಸಂಶೋಧನೆಗೆ ಸಲ್ಲುವಂತೆ ಮಾಡಿದರು.

ಕಾಣುವುದು ಒಂದು ಕೆಲಸ, ಕಂಡದ್ದನ್ನು ಮೆಟ್ಟಿಲು ತಪ್ಪದಂತೆ ಬರೆಯುವುದು ಇನ್ನೊಂದು. ಎರಡನ್ನೂ ಮಗು ಮೊದಲು ಮನೆಮಾತಿನಲ್ಲಿಯೇ ಕಲಿಯುತ್ತದೆ. ಆದರೆ ನಿಮಗೆ ಸಿಹಿಮಾತು ಹೇಳಲಾರೆ: ಭಾರತದಲ್ಲಿ ಪೇಟೆಂಟ್ ಅರ್ಜಿಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿಯೇ ಸಲ್ಲಿಸಬೇಕು. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ, ಮರಾಠಿಗೂ ಇಲ್ಲ. ಆದ್ದರಿಂದ ಇಂಗ್ಲಿಷನ್ನು ಗಟ್ಟಿಯಾಗಿ ಕಲಿಸಬೇಕೆಂಬ ನಿಮ್ಮ ಹಟ ನ್ಯಾಯವೇ. ನನ್ನ ಆಕ್ಷೇಪ ಬೇರೆ. ಒಂದು ಶಾಲೆಗೆ ಕನ್ನಡ ಅಕ್ಷರವೇ ಬಾರದ ವಿಜ್ಞಾನ ಶಿಕ್ಷಕರನ್ನು ಕಳಿಸಿದ್ದರು. ಆ ವರ್ಷ ಮಕ್ಕಳು ಹಲಗೆಯ ಮೇಲಿನ ಸೂತ್ರಗಳನ್ನು ಚಿತ್ರ ಬಿಡಿಸಿದಂತೆ ನಕಲು ಮಾಡಿದರು. ಪ್ರಶ್ನೆ ಕೇಳಲು ಅವರಿಗೆ ಯಾವ ಭಾಷೆಯೂ ಉಳಿದಿರಲಿಲ್ಲ.

ನನ್ನ ತರಗತಿಯಲ್ಲಿ ಮನೆಯ ಒಂದು ಸಾಧನವನ್ನು, ನೋಡದವನಿಗೂ ತಿಳಿಯುವಂತೆ, ಬರೆಸುತ್ತಿದ್ದೆ. ಎಂಟನೆಯ ತರಗತಿಯ ಹುಡುಗನೊಬ್ಬ ಬೆಳೆಗೆ ಔಷಧಿ ಹೊಡೆಯುವ ಪಂಪಿನ ಮೂತಿ ಏಕೆ ಕಟ್ಟಿಕೊಳ್ಳುತ್ತದೆ, ಅಪ್ಪ ಅದನ್ನು ಹೇಗೆ ಬಿಡಿಸುತ್ತಾನೆ ಎಂದು ಎರಡು ಪುಟ ಬರೆದ. ಮರುವಾರ ನಿಘಂಟು ಹಿಡಿದು ಅದನ್ನೇ ಇಂಗ್ಲಿಷಿಗೆ ತಂದ. ವ್ಯಾಕರಣ ಮುಗ್ಗರಿಸಿತ್ತು, ಕೆಲಸದ ಒಂದು ಹಂತವೂ ಬಿಟ್ಟುಹೋಗಿರಲಿಲ್ಲ.

ಈ ಜೂನ್ ತಿಂಗಳಿನಲ್ಲಿ ಶಾಲೆಗೆ ಹೋದಾಗ ಮೂರು ಸಂಗತಿ ವಿಚಾರಿಸಿ: ವಿಜ್ಞಾನ ಕಲಿಸುವವರಿಗೆ ಕನ್ನಡ ಬರುತ್ತದೆಯೇ, ಬಾಲಭಾರತಿಯ ಕನ್ನಡ ವಿಜ್ಞಾನ ಪುಸ್ತಕ ಮಗುವಿನ ಕೈ ಸೇರಿದೆಯೇ, ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿಯೂ ಹೇಳಿಕೊಡುತ್ತಾರೆಯೇ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ ಮಗುವಿನ ನೋಟುಬುಕ್ಕನ್ನು ತೆರೆಸಿ ನೋಡಿ.