ಎಣ್ಣೆಗೆ ಬಿಟ್ಟ ಜಾಗ

ಸ್ಟಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ ತೆರೆಯುವುದೇ ಒಂದು ಸಂಭ್ರಮ. ಎರಡೂ ಬದಿಯ ಕೊಂಡಿ ಬಿಚ್ಚಿ ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಕಾರಿನ ಮುಂಭಾಗವಿಡೀ ಮುಂದಕ್ಕೆ ವಾಲಿಕೊಳ್ಳುತ್ತದೆ. ಇಂಜಿನ್ ಎರಡೂ ಪಕ್ಕದಿಂದ ಕೈಗೆ ಸಿಗುತ್ತದೆ. ಮುಂದಿನ ಟಯರಿನ ಮೇಲೆ ಕುಳಿತು ಆರಾಮಾಗಿ ಕಾರ್ಬುರೇಟರ್ ಬಿಚ್ಚಬಹುದು. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಕಾರು ಇದು. ಅವನ ಗೆರೆಗಳ ಚೆಲುವನ್ನು ಎಲ್ಲರೂ ಹೊಗಳುತ್ತಾರೆ. ಇಂಜಿನ್ ಕೆಲಸ ಮಾಡುವವನ ಸೊಂಟಕ್ಕೆ ಕೊಟ್ಟ ಈ ಸುಖಕ್ಕಾಗಿ ನಾನು ಅವನನ್ನು ನೆನೆಯುತ್ತೇನೆ.

ಮದರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಹೆರಾಲ್ಡ್ ತಯಾರಿಸಲು ತೊಡಗಿದ್ದು 1961ರಲ್ಲಿ. ಮರುವರ್ಷ ಉಡುಪಿ ಸೀಮೆಯ ಕೆ. ಕೃಷ್ಣರಾಯರು ಕೆಥೀಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ತೆರೆದರು. ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿ, ಒಳಗೇ ಕುಳಿತು ದೋಸೆ ತಿಂದು ಕಾಫಿ ಕುಡಿಯುವ ವೈಭೋಗ ಈ ಊರಿಗೆ ಬಂದದ್ದು ಹಾಗೆ. ಚೆನ್ನೈಯ ಹಳೆಯ ಕನ್ನಡ ಮನೆಗಳಲ್ಲಿ ಇವೆರಡೂ ಒಂದೇ ನೆನಪಿನೊಳಗೆ ಬರುತ್ತವೆ. ಡ್ರೈವ್‌ಇನ್ 2008ರಲ್ಲಿ ಮುಚ್ಚಿತು, ಅಲ್ಲೀಗ ಸೆಮ್ಮೊಳಿ ಉದ್ಯಾನವಿದೆ. ಹೆರಾಲ್ಡ್‌ಗಳು ಮಾತ್ರ ಮೈಲಾಪುರ, ಅಡ್ಯಾರಿನ ಹಳೆ ಮನೆಗಳ ಶೆಡ್ಡುಗಳಲ್ಲಿ ಇನ್ನೂ ಸಿಗುತ್ತವೆ. ಅವುಗಳಲ್ಲಿ ನಾಲ್ಕು ಬಾಗಿಲಿನದು ಸಿಕ್ಕಿದರೆ ಅದರ ಬೆಲೆಯೇ ಬೇರೆ. ಆ ಮಾದರಿ ಇಂಗ್ಲೆಂಡಿನಲ್ಲಿ ಹುಟ್ಟಲೇ ಇಲ್ಲ, ಮದರಾಸಿನಲ್ಲೇ ಹುಟ್ಟಿದ್ದು.

ಇಂಜಿನ್ 948 ಸಿಸಿ, ನಾಲ್ಕು ಸಿಲಿಂಡರು. ಬೋರ್ 63 ಮಿಲಿಮೀಟರ್, ಸ್ಟ್ರೋಕ್ 76. ಕ್ರ್ಯಾಂಕ್ ನಿಂತಿರುವುದು ಮೂರೇ ಮೂರು ಮೇನ್ ಬೇರಿಂಗುಗಳ ಮೇಲೆ. ಇದರ ಮೂಲ 1953ರ ಸ್ಟಾಂಡರ್ಡ್ ಎಯ್ಟ್ ಕಾರಿನ 803 ಸಿಸಿ ಇಂಜಿನ್. ಸ್ಟ್ರೋಕ್ ಹಾಗೇ ಇಟ್ಟು ಬೋರ್ ಹಿಗ್ಗಿಸಿ 948 ಮಾಡಿದರು. ಇದರಲ್ಲಿ ಬಚ್ಚಿಟ್ಟ ವಿದ್ಯೆ ಯಾವುದೂ ಇಲ್ಲ. ಸಾಮಾನ್ಯ ಸ್ಪ್ಯಾನರ್ ಸೆಟ್ಟು, ಒಂದು ಮೈಕ್ರೋಮೀಟರು, ಒಂದು ಫೀಲರ್ ಗೇಜು, ತಾಳ್ಮೆ ಇದ್ದರೆ ಕಡೆಯ ಬೋಲ್ಟಿನವರೆಗೂ ಬಿಚ್ಚಬಹುದು. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಹೆಡ್ ಎತ್ತಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಸಿಲಿಂಡರಿನ ಬಾಯಿಯ ಒಳಗೆ ಉಗುರು ಆಡಿಸುವುದು. ಬೋರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ಮೇಲೆ ಬಂದು ತಿರುಗುವ ಜಾಗದಲ್ಲಿ ಎಣ್ಣೆ ಕಡಿಮೆ, ಬೆಂಕಿ ಹೆಚ್ಚು. ಸವೆತ ಅಲ್ಲೇ ಜಾಸ್ತಿ. ಅದಕ್ಕಿಂತ ಮೇಲೆ ರಿಂಗ್ ಮುಟ್ಟದ ಕಡೆ ಲೋಹ ಮೊದಲಿನಂತೆಯೇ ಉಳಿದು ಒಂದು ಅಂಚು ಏಳುತ್ತದೆ. ಉಗುರು ಆ ಅಂಚಿಗೆ ತಟ್ಟಿ ನಿಂತರೆ ರೀಬೋರ್ ಆಗಲೇಬೇಕು. ಎಷ್ಟು ಎನ್ನುವುದನ್ನು ಗೇಜು ಹೇಳುತ್ತದೆ. ಆದರೆ ಮೊದಲ ಸುದ್ದಿ ಉಗುರಿನದೇ.

ಬಿಡಿಭಾಗಕ್ಕೆ ಜನರಲ್ ಪ್ಯಾಟರ್ಸ್ ರಸ್ತೆ, ಅಲ್ಲಿ ಸಿಗದಿದ್ದರೆ ಪುದುಪ್ಪೇಟೆ. ಕೂವಂ ಹೊಳೆಯ ಪಕ್ಕದ ಆ ಬೀದಿಗಳಲ್ಲಿ ಬಿಚ್ಚಿ ಹಾಕಿದ ಗೇರ್‌ಬಾಕ್ಸು, ಡೈನಮೋ, ಬಾಗಿಲುಗಳ ರಾಶಿ ನಡುವೆ ನಡೆಯಲು ದಾರಿ ಹುಡುಕಬೇಕು. ಹಳೆಯ ವರ್ತಕರಿಗೆ ಕಾರಿನ ಹೆಸರನ್ನೂ ಹೇಳಬೇಕಿಲ್ಲ. ಕೈಲಿರುವ ತುಂಡನ್ನು ತಿರುಗಿಸಿ ನೋಡಿ, "ನಾಳೆ ವಾಂಗ ಸಾರ್" ಅನ್ನುತ್ತಾರೆ. ನಾಳೆ ಬನ್ನಿ ಎಂದರೆ ಎಲ್ಲೋ ಇದೆ ಎಂದರ್ಥ. ಪಿಸ್ಟನ್ನಿಗೆ ಈ ಊರೇ ತವರು. ಸೆಂಬಿಯಂನ ಇಂಡಿಯಾ ಪಿಸ್ಟನ್ಸ್ 1949ರಷ್ಟು ಹಳೆಯದು. ಬರಿಗೈಯಲ್ಲಿ ಹೋದರೆ ನನ್ನ ಬೋರಿಂಗ್ ಮೇಸ್ತ್ರಿ ಬ್ಲಾಕನ್ನು ಮುಟ್ಟುವುದಿಲ್ಲ. "ಮೊದಲು ಪಿಸ್ಟನ್ ತನ್ನಿ ಸಾರ್, ಬೋರ್ ಆಮೇಲೆ" ಅನ್ನುತ್ತಾರೆ. ಡಬ್ಬಿಯ ಮೇಲೆ 20 ಓವರ್‌ಸೈಜ್ ಎಂದು ಅಚ್ಚಾಗಿದ್ದರೂ ನಾಲ್ಕೂ ಪಿಸ್ಟನ್ ಅಳೆದು, ಒಂದೊಂದು ಸಿಲಿಂಡರಿನ ಪಕ್ಕ ಸೀಮೆಸುಣ್ಣದಲ್ಲಿ ಅದರದರ ಲೆಕ್ಕ ಬರೆಯುತ್ತಾರೆ. ಬೋರ್ ಮುಗಿದು ಹೋನಿಂಗ್ ಆದ ಮೇಲೆ ಗೋಡೆಯ ಮೇಲೆ ಓರೆ ಗೀರುಗಳ ಬಲೆ ಮೂಡುತ್ತದೆ. ಆ ಗೀರುಗಳಲ್ಲೇ ಎಣ್ಣೆ ನಿಲ್ಲುವುದು. ಸಾಬೂನು ನೀರಿನಲ್ಲಿ ತೊಳೆದು ಒರೆಸಿದ ತಕ್ಷಣ ಎಣ್ಣೆ ಬಳಿಯಬೇಕು. ಚೆನ್ನೈಯ ಕಡಲ ಗಾಳಿಗೆ ಹೊಸ ಲೋಹ ನೋಡುನೋಡುತ್ತಲೇ ಕೆಂಪಾಗುತ್ತದೆ.

ಇಂಜಿನ್ ಅಂದರೆ ಕಬ್ಬಿಣ ಎಂದುಕೊಳ್ಳುವವರಿಗೆ ನಾನು ಹೇಳುವುದಿಷ್ಟು: ಅದು ಬದುಕಿರುವುದು ಕಬ್ಬಿಣದ ನಡುವೆ ಬಿಟ್ಟ ಸಂದುಗಳಲ್ಲಿ. ರಿಂಗಿನ ಎರಡು ತುದಿಗಳ ನಡುವೆ, ಬೋರಿನ ಅಂಗುಲಕ್ಕೆ 3–4 ತೌ ಲೆಕ್ಕದಲ್ಲಿ ಸಂದಿರಬೇಕು; ತೌ ಅಂದರೆ ಅಂಗುಲದ ಸಾವಿರದಲ್ಲೊಂದು ಪಾಲು. ಬಿಸಿಗೆ ರಿಂಗ್ ಬೆಳೆದು ತುದಿಗೆ ತುದಿ ತಾಗಿದರೆ ಬೋರ್ ಗೀರಿಹೋಗುತ್ತದೆ. ಕ್ರ್ಯಾಂಕ್ ಕೂಡ ಓಡುವಾಗ ಬೇರಿಂಗಿನ ಮೇಲೆ ಕುಳಿತಿರುವುದಿಲ್ಲ. ಸುಮಾರು 2 ತೌ ಜಾಗದಲ್ಲಿ ಹರಿಯುವ ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ತಲೆಗೂದಲಿಗಿಂತ ತೆಳುವಾದ ಎಣ್ಣೆಯೇ ಇಡೀ ಕಾರಿನ ಭಾರ ಎಳೆಯುವ ಶಕ್ತಿಯನ್ನು ಹೊತ್ತಿರುತ್ತದೆ.

ಆ ಜಾಗವನ್ನು ಅಳೆಯುವ ಗಳಿಗೆ ನನಗೆ ಎಲ್ಲಕ್ಕಿಂತ ಪ್ರಿಯ. ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯ ಒಂದು ಚೂರನ್ನು ಕ್ರ್ಯಾಂಕಿನ ಒಣಗಿದ ಜರ್ನಲ್ ಮೇಲೆ, ಅಂದರೆ ಬೇರಿಂಗಿನೊಳಗೆ ತಿರುಗುವ ಭಾಗದ ಮೇಲೆ, ಉದ್ದಕ್ಕೆ ಮಲಗಿಸಬೇಕು. ಬೇರಿಂಗಿನ ಕ್ಯಾಪ್ ಕೂರಿಸಿ ಟಾರ್ಕ್ ಸ್ಪ್ಯಾನರಿನಲ್ಲಿ ಹೇಳಿದಷ್ಟೇ ಬಿಗಿ ಮಾಡಿ, ಕ್ರ್ಯಾಂಕ್ ಅಲುಗದಂತೆ ಮತ್ತೆ ಬಿಚ್ಚಬೇಕು. ಎಳೆ ಚಪ್ಪಟೆಯಾಗಿ ಪಟ್ಟಿಯಾಗಿರುತ್ತದೆ. ಪಟ್ಟಿ ಅಗಲವಾದಷ್ಟೂ ಸಂದು ಕಿರಿದು. ಜೊತೆಗೆ ಬಂದ ಕಾಗದದ ಅಳತೆಪಟ್ಟಿಯನ್ನು ಪಕ್ಕಕ್ಕಿಟ್ಟು, ಉಸಿರು ಬಿಗಿಹಿಡಿದು ಹೋಲಿಸಿ ನೋಡುತ್ತೇನೆ. ಪಟ್ಟಿಯ ಅಗಲ ಈ ತುದಿಯಿಂದ ಆ ತುದಿಗೆ ಒಂದೇ ಸಮ ಇದ್ದರೆ ಗ್ರೈಂಡಿಂಗ್ ಮಾಡಿದ ಕೈಗೆ ಮನಸ್ಸಿನಲ್ಲೇ ನಮಸ್ಕಾರ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದರೆ ಜರ್ನಲ್ ಓರೆಯಾಗಿದೆ ಎಂದು ಅರ್ಥ. ಮತ್ತೆ ಮೇಸ್ತ್ರಿಯ ಮನೆಗೆ.

ಈ ಇಂಜಿನ್ನಿಗೆ ಒಂದು ಹುಟ್ಟುಗುಣವಿದೆ, ಗೊತ್ತಿರಲೇಬೇಕು. ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯಲು ಹಿಂದಿನ ಮೇನ್ ಬೇರಿಂಗಿನ ಪಕ್ಕ ಅರ್ಧಚಂದ್ರಾಕಾರದ ಎರಡು ಥ್ರಸ್ಟ್ ವಾಷರುಗಳಿವೆ. ಕ್ಲಚ್ ಒತ್ತಿದಾಗೆಲ್ಲ ಹೊರೆ ಬೀಳುವುದು ಅವುಗಳ ಮೇಲೆ. ಸವೆದು ಸವೆದು ಒಂದು ದಿನ ಜಾರಿ ಕೆಳಗಿನ ಎಣ್ಣೆತೊಟ್ಟಿಗೆ ಬೀಳುತ್ತವೆ. ಆಮೇಲೆ ಕ್ರ್ಯಾಂಕ್ ನೇರವಾಗಿ ಬ್ಲಾಕನ್ನೇ ತಿನ್ನುತ್ತದೆ. ಹಾಗಾಗಿ ಹಳೆಯ ಹೆರಾಲ್ಡ್ ಕೊಳ್ಳುವವರು ಒಬ್ಬರನ್ನು ಕ್ಲಚ್ ಒತ್ತಿ ಬಿಡಲು ಕೂರಿಸಿ, ಮುಂದಿನ ಪುಲ್ಲಿ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆಯೇ ನೋಡಬೇಕು. ಹೊಸ ವಾಷರ್ ಕೂರಿಸುವಾಗ ಎಣ್ಣೆಗಾಲುವೆ ಇರುವ ಮುಖ ಕ್ರ್ಯಾಂಕಿನ ಕಡೆಗಿರಬೇಕು. ಡಯಲ್ ಗೇಜಿನಲ್ಲಿ ಸರಿತ 4ರಿಂದ 6 ತೌ ಬಂದರೆ ನನಗೆ ನೆಮ್ಮದಿ.

ಇಂದಿನ ಪೆಟ್ರೋಲಿಗೂ ಇಂಜಿನ್ನನ್ನು ಒಗ್ಗಿಸಬೇಕು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು, ಒಳ್ಳೆಯದೇ ಆಯಿತು. ಆದರೆ ಈ ಹೆಡ್ಡಿನ ಎಕ್ಸಾಸ್ಟ್ ವಾಲ್ವಿನ ಸೀಟುಗಳನ್ನು ಕಾಪಾಡುತ್ತಿದ್ದದ್ದು ಆ ಸೀಸವೇ. ಈಗ ಗಟ್ಟಿ ಸೀಟು ಕೂರಿಸಬೇಕು. ಎಥನಾಲ್ ಬೆರೆತ ಪೆಟ್ರೋಲು ಹಳೆ ರಬ್ಬರನ್ನು ಊದಿಸಿ ಕೊಳೆಸುತ್ತದೆ. ಪಂಪಿನ ಡಯಾಫ್ರಮ್ಮು, ಪೈಪು ಎಲ್ಲ ಹೊಸದು.

ಕೊನೆಗೆ ಟಪೆಟ್ ಹೊಂದಿಸುವುದು. ಅದರಲ್ಲೊಂದು ಚೆಂದದ ಲೆಕ್ಕವಿದೆ. ಎಂಟು ವಾಲ್ವುಗಳಲ್ಲಿ ಪೂರ್ತಿ ತೆರೆದಿರುವುದರ ಸಂಖ್ಯೆಯನ್ನು 9ರಿಂದ ಕಳೆದರೆ ಸಿಗುವ ವಾಲ್ವಿನ ಸಂದನ್ನು ಆಗ ಹೊಂದಿಸಬೇಕು. ಎಂಟನೆಯದು ತೆರೆದಾಗ ಒಂದನೆಯದು, ಆರನೆಯದು ತೆರೆದಾಗ ಮೂರನೆಯದು. 10 ತೌ ಫೀಲರ್ ಎಲೆ ರಾಕರಿನ ಕೆಳಗೆ ಸ್ವಲ್ಪ ಹಿಡಿದು ಸ್ವಲ್ಪ ಬಿಟ್ಟು ಜಾರಬೇಕು. ಆ ಹಿಡಿತವನ್ನು ಬೆರಳು ಕಲಿಯಬೇಕು, ಪುಸ್ತಕದಿಂದ ಬರುವುದಿಲ್ಲ.

ಪ್ಲಗ್ ಹಾಕದೆ, ಎಣ್ಣೆಯ ಒತ್ತಡ ಏರುವವರೆಗೆ ಸ್ಟಾರ್ಟರ್ ತಿರುಗಿಸಿ, ಆಮೇಲೆ ಪ್ಲಗ್ ಹಾಕಿ ಚಾಲೂ ಮಾಡುವುದು. ಹೊಸ ಇಂಜಿನ್ನಿಗೆ ಓಟವೂ ಬೇಕು, ಬಿಡುವೂ ಬೇಕು. ಬೆಳಗಿನ ಹೊತ್ತು ಈಸ್ಟ್ ಕೋಸ್ಟ್ ರೋಡಿನಲ್ಲಿ ಮಹಾಬಲಿಪುರದ ಕಡೆಗೆ, ಆಕ್ಸಿಲರೇಟರ್ ಒಮ್ಮೆ ಒತ್ತಿ ಒಮ್ಮೆ ಬಿಟ್ಟು ಓಡಿಸುತ್ತೇನೆ. ರಿಂಗುಗಳು ಬೋರಿಗೆ ಹೊಂದಿಕೊಳ್ಳುವುದು ಹಾಗೆ. ಮೊದಲ ಐನೂರು ಮೈಲಿ ಮುಗಿದ ಮೇಲೆ ಎಣ್ಣೆ ಬದಲಿಸಿ, ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಮತ್ತೊಮ್ಮೆ ಬಿಗಿ ಮಾಡಿ, ಟಪೆಟ್ ಇನ್ನೊಮ್ಮೆ ನೋಡಬೇಕು. ಅಷ್ಟರೊಳಗೆ ಮೈಲಾಪುರದ ಗೆಳೆಯರ ಶೆಡ್ಡಿನಲ್ಲಿರುವ ನಾಲ್ಕು ಬಾಗಿಲಿನ ಹೆರಾಲ್ಡಿನ ಹೆಡ್ ಎತ್ತಬೇಕೆಂದು ಮಾತಾಗಿದೆ. ಅವರ ಮಗಳು ಮೈಕ್ರೋಮೀಟರ್ ಹಿಡಿಯುವುದನ್ನು ಆಗಲೇ ಕಲಿತಿದ್ದಾಳೆ. ಬೋರಿನ ಅಂಚನ್ನು ಮೊದಲು ಅವಳ ಉಗುರೇ ನೋಡಲಿ ಎಂದಿದ್ದೇನೆ.