ದೊಡ್ಡ ಸುರುಳಿ, ಸಣ್ಣ ಸುರುಳಿ

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿಗಳು ಎರಡಿವೆ. ಜೆ.ಪಿ. ನಗರದ ಕಡೆಯದು ಒಂದು, ಯಲಹಂಕದ ಕಡೆಯದು ಇನ್ನೊಂದು. ನಾನಿರುವುದು ಎರಡನೆಯದರಲ್ಲಿ ಎಂದು ಎಷ್ಟು ಸಲ ಹೇಳಿದರೂ, ವರ್ಷಕ್ಕೊಬ್ಬರಾದರೂ ಜೆ.ಪಿ. ನಗರಕ್ಕೆ ಹೋಗಿ ನಿಂತು ಫೋನ್ ಮಾಡುವುದು ತಪ್ಪಿಲ್ಲ. ನಮ್ಮ ಕೆರೆ ಮತ್ತು ಅಲ್ಲಿಗೆ ಬರುವ ಹಕ್ಕಿಗಳ ವಿಷಯ ಹಿಂದೆ ಬರೆದಿದ್ದೇನೆ. ಈ ಸಲ ಬರೆಯಹೊರಟಿರುವುದು ಕೆರೆಯಷ್ಟು ಚೆಲುವಾದ ಸ್ಥಳವನ್ನು ಕುರಿತಲ್ಲ. ನಮ್ಮ ಮನೆಯ ಪಕ್ಕದ ಖಾಲಿ ನಿವೇಶನವನ್ನು ಕುರಿತು.

30–40 ಅಡಿಯ ಆ ನಿವೇಶನದ ಒಡೆಯರು ಹೊರದೇಶದಲ್ಲಿದ್ದಾರೆ. ಖಾಲಿ ಜಾಗ ಕಂಡರೆ ನಮ್ಮ ಜನ ಬಿಡುವರೆ? ಸುತ್ತಲಿನ ಹಳೆಯ ಮನೆಗಳನ್ನು ಒಡೆದು ಹೊಸದಾಗಿ ಕಟ್ಟಿದವರೆಲ್ಲ ಇಟ್ಟಿಗೆ ಚೂರು, ಗಾರೆ, ಕಂಬಿಯ ತುಂಡು, ಸೆಂಟ್ರಿಂಗ್ ಮೊಳೆ ಮುಂತಾದವನ್ನು ಅಲ್ಲಿಯೇ ತಂದು ಸುರಿದಿದ್ದರು. ಕಳೆದ ಸಂಕ್ರಾಂತಿಯ ಹೊತ್ತಿಗೆ ಒಡೆಯರು ಮನೆ ಕಟ್ಟಿಸಲು ಮನಸ್ಸು ಮಾಡಿ, ಆ ರಾಶಿಯನ್ನು ತೆಗೆಸಲು ಒಬ್ಬ ಮೇಸ್ತ್ರಿಗೆ ಹೇಳಿದರು. ಕೆಲಸಕ್ಕೆ ಬಂದವರಲ್ಲಿ ಸುರಪುರದ ಕಡೆಯ ಗಂಡ ಹೆಂಡತಿ ಇದ್ದರು. ಬಾಂಡ್ಲಿ ಹೊತ್ತು ಟ್ರ್ಯಾಕ್ಟರಿಗೆ ತುಂಬುವುದು ಆಕೆಯ ಪಾಲಿನ ಕೆಲಸ.

ಎರಡನೆಯ ದಿನದ ಸಂಜೆ ಆಕೆಯ ಕೊರಳಿನ ಕರಿಮಣಿಯ ದಾರ ಕಡಿದುಹೋಗಿರುವುದು ಶೆಡ್ಡಿಗೆ ಹೋದ ಮೇಲೆ ಗೊತ್ತಾಯಿತು. ಎರಡು ತಾಳಿ, ನಾಲ್ಕು ಗುಂಡು. ಅವರ ಮನೆಯಲ್ಲಿದ್ದ ಚಿನ್ನವೆಲ್ಲ ಅಷ್ಟೇ. ಮೂರು ದಿನ ಬೆಳಗಾಗುವುದಕ್ಕೆ ಮುಂಚೆಯೇ ಬಂದು ಆಕೆ ಕೈಯಲ್ಲಿ ಮಣ್ಣು ಕೆದಕುತ್ತ ಕುಳಿತಿರುವುದನ್ನು ನನ್ನ ಶ್ರೀಮತಿ ನೋಡಿ ವಿಚಾರಿಸಿದಳು. ಚಿನ್ನ ಹೋದದ್ದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಹಿಂದಿನ ತಿಂಗಳು ಆಕೆಯ ತಮ್ಮ ಸಾಲ ಕೇಳಿಕೊಂಡು ಬಂದಿದ್ದನಂತೆ; ತಾಳಿಯನ್ನು ಒತ್ತೆಯಿಟ್ಟು ಅವನಿಗೆ ಹಣ ಕೊಟ್ಟು, ಬಿದ್ದುಹೋಯಿತೆಂದು ನಾಟಕವಾಡುತ್ತಿದ್ದಾಳೆಂಬುದು ಗಂಡನ ಗುಮಾನಿ. ಊರಿಗೆ ಕಳುಹಿಸಿಬಿಡುತ್ತೇನೆ ಎಂದೂ ಹೇಳಿದ್ದನಂತೆ.

"ನಾ ಎಲ್ಲೂ ಒತ್ತಿ ಇಟ್ಟಿಲ್ರಿ ಸರ. ಮಧ್ಯಾಹ್ನ ಬುತ್ತಿ ಉಣ್ಣೂಮುಂದ ಕೊಳ್ಳಾಗ ಇತ್ರಿ. ಆಮ್ಯಾಲ ಈ ಗ್ವಾಡಿ ಮಗ್ಗಲದಾಗ ಬಿಟ್ರ ಎಲ್ಲೂ ಕೆಲಸ ಮಾಡಿಲ್ರಿ," ಎಂದಳು. ಆ ಮಧ್ಯಾಹ್ನದ ನಂತರ ಟ್ರ್ಯಾಕ್ಟರ್ ಒಂದು ಲೋಡನ್ನೂ ಒಯ್ದಿರಲಿಲ್ಲವೆಂದು ಮೇಸ್ತ್ರಿಯೂ ಹೇಳಿದ. ಎಂದರೆ, ಆಕೆಯ ಮಾತು ನಿಜವಾಗಿದ್ದರೆ ಕಾಂಪೌಂಡ್ ಗೋಡೆಯ ಬದಿಯ ಸುಮಾರು 10 ಅಡಿ ಅಗಲ, 20 ಅಡಿ ಉದ್ದದ ಪಟ್ಟಿಯೊಳಗೇ ತಾಳಿ ಇರಬೇಕು.

ನನಗೆ ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ನೀರಿನ ಪೈಪುಗಳ ಗುತ್ತಿಗೆ ಕೆಲಸ ಅವನದು. ಮಣ್ಣಿನಡಿ ಹೂತುಹೋದ ಕಬ್ಬಿಣದ ಪೈಪು, ವಾಲ್ವಿನ ಮುಚ್ಚಳ ಮುಂತಾದವನ್ನು ಪತ್ತೆಮಾಡಲು ಮೆಟಲ್ ಡಿಟೆಕ್ಟರ್ ಒಂದನ್ನು ಇಟ್ಟುಕೊಂಡಿದ್ದಾನೆ. ಹೇಳಿಕಳುಹಿಸಿದ ಮರುದಿನವೇ ಬಂದ. ಒಡೆಯರಿಗೆ ಫೋನ್ ಮಾಡಿ ಅಪ್ಪಣೆಯನ್ನೂ ಪಡೆದೆವು. ಕೋಲಿನ ತುದಿಯಲ್ಲಿ 15 ಇಂಚು ಅಗಲದ ತಟ್ಟೆಯಂತಹ ಸುರುಳಿ. "ದೊಡ್ಡದೇ ತಂದಿದ್ದೀನಿ ಸಾರ್, ಅರ್ಧ ಗಂಟೆ ಸಾಕು," ಎಂದ. ನನಗೂ ಅದು ಸರಿಯೆನಿಸಿತು. ದೊಡ್ಡ ಬಲೆಗೆ ಹೆಚ್ಚು ಮೀನು ತಾನೆ!

ಕೆಲಸ ಆರಂಭವಾಗುತ್ತಲೇ ಜನ ಸೇರಿದರು. ಎಲ್ಲರದೂ ಒಂದೇ ಪ್ರಶ್ನೆ: "ನಿಧಿಯೇ ಮೇಷ್ಟ್ರೇ?" ಈ ಪ್ರಶ್ನೆ ತೀರ ಹುಚ್ಚೆಂದು ಹೇಳುವಂತಿಲ್ಲ. ಇಲ್ಲಿಗೆ ದೂರವಲ್ಲದ ಯಶವಂತಪುರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳ ಗಂಟೊಂದು ದೊರೆತಿತ್ತು, 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಇನ್ನೊಂದು ಸಿಕ್ಕಿತು. ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದ ನಾಣ್ಯಗಳು ಅವು. ಆದರೆ ಹಾಗೆ ಸಿಕ್ಕಿದ್ದು ಸಿಕ್ಕವರ ಸ್ವತ್ತಾಗುವುದಿಲ್ಲ. ದೇಶಕ್ಕೆ 1878ರಿಂದಲೇ ನಿಧಿಯ ಕಾಯಿದೆ ಇದೆ; ನಮ್ಮ ರಾಜ್ಯದ್ದು 1962ರದು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ನಾವು ಹುಡುಕುತ್ತಿರುವುದು ನಾಲ್ಕು ದಿನದ ಹಿಂದೆ ಬಿದ್ದ ತಾಳಿ ಎಂದ ಮೇಲೆ ಗುಂಪು ನಿರಾಶೆಯಿಂದ ಕರಗಿತು.

ಅರ್ಧ ಗಂಟೆ ಎಂದದ್ದು ಮೂರು ಗಂಟೆಯಾಯಿತು. ಸುರುಳಿಯನ್ನು ನೆಲದ ಮೇಲೆ ಆಡಿಸಿದಲ್ಲೆಲ್ಲ ಕೂಗು. ಒಂದು ಕೂಗು ಮುಗಿಯುವುದರೊಳಗೆ ಇನ್ನೊಂದು. "ಬೇಡದ್ದನ್ನು ಬಿಟ್ಟುಬಿಡು ಅನ್ನೋ ಬಟನ್ ಇದೆ ಸಾರ್," ಎಂದು ಅವನು ಕಬ್ಬಿಣವನ್ನೂ ತೆಳು ಅಲ್ಯೂಮಿನಿಯಮ್ಮನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಯಂತ್ರವನ್ನು ಹೊಂದಿಸಿದ. ಕೂಗು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಮೇಷ್ಟರ ಚಾಳಿಯಂತೆ ನಾನು ಪಟ್ಟಿ ಬರೆದಿಟ್ಟುಕೊಂಡೆ. ತೋಡಿದ ಗುಂಡಿ 31. ಮೊಳೆ 14, ಕಂಬಿಯ ತುಂಡು 7, ಬಾಟಲಿಯ ಮುಚ್ಚಳ 6, ಮಾತ್ರೆಯ ಪಟ್ಟಿ 2, ಬಾಗಿಲಿನ ಹಿಂಜು 1, ಎತ್ತಿನ ಲಾಳ 1. ಇಡೀ ಪಟ್ಟಿಯ ಮೇಲೆ ಎರಡು ಸಲ ಸುರುಳಿ ಹಾದಿತ್ತು.

ಆಗ ನಾನು ಒಂದು ಮಾತು ಆಡಿದೆ. ಆಕೆಗೆ ಕೇಳಿಸದಂತೆ, ಅವನಿಗೆ ಮಾತ್ರ: "ಬಹುಶಃ ಇಲ್ಲಿ ಬಿದ್ದೇ ಇಲ್ಲವೇನೋಪ್ಪ." ಅವನೂ ತಲೆಯಾಡಿಸಿದ. ಆಕೆ ಗೋಡೆಯ ಬಳಿ ಕುಳಿತು ನಮ್ಮ ಮುಖವನ್ನೇ ನೋಡುತ್ತಿದ್ದಳು. ಕೇಳಿಸದಿದ್ದರೂ ಅರ್ಥವಾಗಿರಬೇಕು.

ಊಟಕ್ಕೆ ಕುಳಿತಾಗ ಶ್ರೀಮತಿ ಎಲ್ಲವನ್ನೂ ಕೇಳಿದಳು. ಕೇಳಿ, "ಅಕ್ಕಿ ಆರಿಸೋವಾಗ ಮೂಟೇನೇ ಸುರ್ಕೊಂಡು ಕೂತ್ಕೋತಾರೇನ್ರೀ? ಮೊರಕ್ಕೆ ಒಂದೊಂದೇ ಹಿಡಿ ಹಾಕ್ಕೊಂಡ್ರೆ ತಾನೆ ಕಲ್ಲು ಕಾಣೋದು," ಎಂದಳು. ಮೂವತ್ತನಾಲ್ಕು ವರ್ಷ ವಿಜ್ಞಾನ ಬೋಧಿಸಿದ ನನಗೆ ತುತ್ತು ಗಂಟಲಲ್ಲಿ ನಿಂತಿತು.

ನನ್ನ ಹತ್ತನೆಯ ತರಗತಿಯಲ್ಲಿ ಕುಳಿತವರು ಸ್ವಲ್ಪ ನೆನಪು ಮಾಡಿಕೊಳ್ಳಿ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಈ ಯಂತ್ರದ ಮೂಲ. ಸುರುಳಿಯಲ್ಲಿ ಪರ್ಯಾಯ ವಿದ್ಯುತ್ತು ಹರಿದಾಗ ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರ ಹುಟ್ಟುತ್ತದೆ. ಅದರೊಳಗೆ ಲೋಹವಿದ್ದರೆ ಲೋಹದಲ್ಲಿ ಸುಳಿಯಂತೆ ಪ್ರವಾಹಗಳು ಏಳುತ್ತವೆ. ಅವುಗಳ ಕ್ಷೀಣ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಸುರುಳಿ ಅಗಲವಾದಷ್ಟೂ ಅದರ ಕ್ಷೇತ್ರ ಆಳಕ್ಕೂ ಅಗಲಕ್ಕೂ ಹಬ್ಬುತ್ತದೆ. ಹೊಲದ ಶುದ್ಧ ಮಣ್ಣಿನಲ್ಲಿ ಆಳವಾಗಿ ಹೂತ ಪೈಪು ಹುಡುಕಲು ಅದು ಹೇಳಿಮಾಡಿಸಿದ್ದು. ಕಸದ ನೆಲದಲ್ಲಿ ಮಾತ್ರ ಆ ಬಲವೇ ದೌರ್ಬಲ್ಯ.

ಲೆಕ್ಕ ಮಾಡಿ ನೋಡಿ. 15 ಇಂಚಿನ ವೃತ್ತದ ವಿಸ್ತೀರ್ಣ ಸುಮಾರು 177 ಚದರ ಇಂಚು. 6 ಇಂಚಿನದು ಸುಮಾರು 28. ಆರು ಪಟ್ಟಿಗಿಂತ ಹೆಚ್ಚು. ಒಂದು ಚದರ ಅಡಿಗೆ ನಾಲ್ಕು ಲೋಹದ ಚೂರುಗಳಿವೆ ಎನ್ನಿ. ದೊಡ್ಡ ಸುರುಳಿಯ ಕೆಳಗೆ ಸದಾ ಐದು ಚೂರು. ಸಣ್ಣದರ ಕೆಳಗೆ ಒಂದಕ್ಕಿಂತ ಕಡಿಮೆ. ಐದೂ ಒಟ್ಟಿಗೆ ಕೂಗಿದಾಗ ಯಂತ್ರಕ್ಕೆ ಕೇಳಿಸುವುದು ಒಂದು ಗದ್ದಲ ಮಾತ್ರ. ಅವುಗಳಲ್ಲಿ ಮೊಳೆಯ ಧ್ವನಿ ದೊಡ್ಡದು, ತಾಳಿಯದು ಮೆಲ್ಲನೆಯದು. ಯಂತ್ರ "ಕಬ್ಬಿಣ" ಎಂದು ತೀರ್ಮಾನಿಸಿ ಸುಮ್ಮನಾಗುತ್ತದೆ. ಸಾಲದ್ದಕ್ಕೆ ನಮ್ಮದು ಕೆಮ್ಮಣ್ಣು. ಆ ಕೆಂಪು ಕಬ್ಬಿಣದ ಆಕ್ಸೈಡಿನದೇ. ದೊಡ್ಡ ಸುರುಳಿಯ ಅಡಿಗೆ ಮಣ್ಣು ಹೆಚ್ಚು ಬರುವುದರಿಂದ ಮಣ್ಣಿನ ಗದ್ದಲವೂ ಹೆಚ್ಚು.

ಇದು ನಮಗೊಬ್ಬರಿಗೇ ಆದ ಪೆಟ್ಟಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೂ ಆಗಿತ್ತು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ದೇಹದೊಳಗಿನ ಗುಂಡನ್ನು ಪತ್ತೆಮಾಡಲು ಬೆಲ್ ಇದೇ ತತ್ತ್ವದ ಯಂತ್ರವೊಂದನ್ನು ಅವಸರವಾಗಿ ಸಿದ್ಧಪಡಿಸಿ ಎರಡು ಸಲ ಪ್ರಯತ್ನಿಸಿದ. ಪ್ರಯೋಗಶಾಲೆಯಲ್ಲಿ ಸರಿಯಾಗಿದ್ದ ಯಂತ್ರ ರೋಗಿಯ ಬಳಿ ಗೊಂದಲಕ್ಕೊಳಗಾಯಿತು. ಹಾಸಿಗೆಯೊಳಗೆ ಉಕ್ಕಿನ ತಂತಿಗಳಿದ್ದವು. ಅದೂ ಅಲ್ಲದೆ, ಗುಂಡು ಬಲಭಾಗದಲ್ಲಿದೆಯೆಂದು ವೈದ್ಯರು ಮೊದಲೇ ನಿಶ್ಚಯಿಸಿಕೊಂಡು ಅಲ್ಲಿ ಮಾತ್ರ ಹುಡುಕಲು ಬಿಟ್ಟರು. ಅದು ಇದ್ದದ್ದು ಎಡಕ್ಕೆ. ಸೆಪ್ಟೆಂಬರ್ 19ರಂದು ಅಧ್ಯಕ್ಷ ತೀರಿಕೊಂಡ. ಈ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ನಿವೇಶನದಲ್ಲಿ ನಿಂತಾಗ ಮಾತ್ರ ನೆನಪಿಗೆ ಬರಲಿಲ್ಲ.

ಮರುದಿನ ಅವನು 6 ಇಂಚಿನ ಸುರುಳಿ ತಂದ. ನಾವು ಆ ಪಟ್ಟಿಗೆ ಗೂಟ ನೆಟ್ಟು, ದಾರ ಕಟ್ಟಿ, ಎರಡೆರಡು ಅಡಿಯ 50 ಚೌಕಗಳನ್ನು ಮಾಡಿದೆವು. ಪ್ರತಿ ಚೌಕದಲ್ಲಿ ಮೊದಲು ಕಣ್ಣಿಗೆ ಕಾಣುವ ಮೊಳೆ, ಕಂಬಿಗಳನ್ನು ಆರಿಸಿ ಬಕೆಟ್ಟಿಗೆ ಹಾಕುವುದು. ಅನಂತರ ಯಂತ್ರದ ಸೂಕ್ಷ್ಮತೆಯನ್ನು ಸ್ವಲ್ಪ ತಗ್ಗಿಸಿ, ಸುರುಳಿಯನ್ನು ನಿಧಾನವಾಗಿ ಪೂರ್ವ–ಪಶ್ಚಿಮವಾಗಿ ಒಮ್ಮೆ, ಉತ್ತರ–ದಕ್ಷಿಣವಾಗಿ ಒಮ್ಮೆ ಆಡಿಸುವುದು. ಒಂದು ದಿಕ್ಕಿನಿಂದ ಮೊಳೆಯ ಮರೆಯಲ್ಲಿರುವುದು ಇನ್ನೊಂದು ದಿಕ್ಕಿನಿಂದ ಕೇಳಿಸಬಹುದು. "ಬೇಡದ್ದನ್ನು ಬಿಡು" ಎಂಬ ಬಟನ್ನನ್ನು ಈ ಸಲ ಮುಟ್ಟಲಿಲ್ಲ. ಏಕೆಂದರೆ ಚಿನ್ನ ಒಳ್ಳೆಯ ವಾಹಕವಾದರೂ, ತುಣುಕು ಚಿಕ್ಕದೂ ತೆಳುವೂ ಆಗಿದ್ದರೆ ಯಂತ್ರಕ್ಕೆ ಅದು ಅಲ್ಯೂಮಿನಿಯಂ ಹಾಳೆಯಂತೆಯೇ ಕೇಳಿಸುತ್ತದೆ. ಮಾತ್ರೆಯ ಪಟ್ಟಿಯನ್ನು ಬೇಡವೆಂದರೆ ಗುಂಡನ್ನೂ ಬೇಡವೆಂದಂತೆ. ಕಸವನ್ನೆಲ್ಲ ಎತ್ತಿ ನೋಡದೆ ವಿಧಿಯಿಲ್ಲ.

ಹನ್ನೊಂದನೆಯ ಚೌಕದವರೆಗೆ ಕಸವೇ. ಹನ್ನೆರಡನೆಯದರಲ್ಲಿ ತುಕ್ಕು ಹಿಡಿದ ಮೂರಿಂಚಿನ ಮೊಳೆಯೊಂದನ್ನು ತೆಗೆದ ಮೇಲೂ ಸಣ್ಣ ಕೂಗೊಂದು ಉಳಿಯಿತು. ಮೊಳೆಯಿಂದ ಒಂದು ಗೇಣಿನೊಳಗೆ, ಗಾರೆಯ ಪುಡಿಯ ಕೆಳಗೆ, ಅರ್ಧ ಇಂಚು ಆಳದಲ್ಲಿ ಮೊದಲ ತಾಳಿ. ಹಿಂದಿನ ದಿನ ದೊಡ್ಡ ಸುರುಳಿ ಎರಡು ಸಲ ಹಾದದ್ದು ಅದರ ಮೇಲೆಯೇ. ಸಂಜೆಯೊಳಗೆ ಎರಡನೆಯ ತಾಳಿಯೂ ಎರಡು ಗುಂಡುಗಳೂ ಸಿಕ್ಕವು. ಇನ್ನೆರಡು ಗುಂಡು ಐವತ್ತು ಚೌಕ ಮುಗಿದರೂ ಸಿಗಲಿಲ್ಲ.

ಆಕೆ ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಗಂಡ ಸ್ವಲ್ಪ ದೂರದಲ್ಲಿ ಸಲಿಕೆ ಹಿಡಿದು ನಿಂತಿದ್ದ. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದು, ನಾವು ತೋಡಿದ ಗುಂಡಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ. ಆಕೆ ಮಾತ್ರ ನನ್ನ ಕಡೆ ತಿರುಗಿ, "ನಿಮಗೂ ನಿನ್ನಿ ಸಂಶೇ ಬಂದಿತ್ತಲ್ರಿ ಸರ?" ಎಂದಳು. ಕೋಪವಿರಲಿಲ್ಲ. ನಾನು ಹೌದೆಂದೆ, ತಪ್ಪಾಯಿತೆಂದೂ ಹೇಳಿದೆ.

ಆ ರಾತ್ರಿ ನಿದ್ರೆ ಬರಲಿಲ್ಲ. ನೆನಪಾದದ್ದು 1986ರ ಒಂದು ಪ್ರಸಂಗ. ಶಾಲೆಯ ಪ್ರವಾಸಕ್ಕೆಂದು ಕೂಡಿಸಿದ್ದ ಹಣದಲ್ಲಿ 75 ರೂಪಾಯಿ ಕಾಣೆಯಾಯಿತು. ನಾನು ತರಗತಿಯನ್ನೆಲ್ಲ ಒಮ್ಮೆ ನೋಡಿ, ಕೊನೆಯ ಬೆಂಚಿನ ಗಲಾಟೆಯ ಹುಡುಗನೊಬ್ಬನನ್ನು ನಿಲ್ಲಿಸಿದೆ. ಅವನು ಇಲ್ಲವೆಂದ. ಪಕ್ಕದವನು ಏನೋ ಹೇಳಲು ಎದ್ದಾಗ ಕುಳಿತುಕೋ ಎಂದು ಗದರಿದೆ. ವಾರದ ಮೇಲೆ ಹಣ ನನ್ನ ಹಾಜರಿ ಪುಸ್ತಕದ ರಟ್ಟಿನ ಹೊದಿಕೆಯೊಳಗೇ ಸಿಕ್ಕಿತು. ಹುಡುಗನನ್ನು ಸ್ಟಾಫ್ ರೂಮಿಗೆ ಕರೆದು ಹೇಳಿದೆ. ಬೈದದ್ದು ಮಾತ್ರ ಅರವತ್ತು ಜನರ ಎದುರಿಗಾಗಿತ್ತು. ಆ ಅರವತ್ತು ಜನರಲ್ಲಿ ಕೆಲವರು ಇದನ್ನು ಓದುವಿರಿ ಎಂದು ಬಲ್ಲೆ. ಅವನೂ ಓದಬಹುದು. ಅಪ್ಪಾ, ಆ ದಿನ ಎಲ್ಲರೆದುರು ಹೇಳಬೇಕಾಗಿದ್ದುದನ್ನು ಈಗ ಎಲ್ಲರೆದುರೇ ಹೇಳುತ್ತಿದ್ದೇನೆ: ಹಣ ನನ್ನ ಬಳಿಯೇ ಇತ್ತು, ತಪ್ಪು ನನ್ನದು.

ಕೊನೆಯದಾಗಿ ಆ ಬಕೆಟ್ಟಿನ ವಿಷಯ. ಎರಡು ದಿನದಲ್ಲಿ ಆರಿಸಿದ ಮೊಳೆ, ಕಂಬಿ, ಮುಚ್ಚಳಗಳನ್ನು ಗುಜರಿಯವನಿಗೆ ಹಾಕಿದಾಗ ನೂರೈವತ್ತು ರೂಪಾಯಿ ಬಂತು. ಕಳೆದುಹೋದ ಗುಂಡುಗಳ ಬಾಬ್ತಿಗಿರಲಿ ಎಂದು ಶ್ರೀಮತಿ ಕೊಡಹೋದರೆ ಆಕೆ ಮುಟ್ಟಲಿಲ್ಲ. ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿಬಿಡಿ ಎಂದಳು. ಹಾಗೆಯೇ ಆಯಿತು. ಎತ್ತಿನ ಲಾಳವನ್ನು ಮಾತ್ರ ನಾನು ಮಾರಲಿಲ್ಲ. ಈ ಮನೆಗಳೆಲ್ಲ ಏಳುವುದಕ್ಕೆ ಮುಂಚೆ ಇಲ್ಲಿ ಉತ್ತ ಯಾವ ಎತ್ತಿನದೋ, ನನ್ನ ಮೇಜಿನ ಮೇಲಿದೆ. ಬಂದಾಗ ನೋಡಿ, ಜೆ.ಪಿ. ನಗರಕ್ಕೆ ಹೋಗಿಬಿಡಬೇಡಿ.