ಮಂಗಳೂರಿನಲ್ಲಿ ಎರಡು ದಿನ

ಮಠದ ಪ್ರಸಾದ ಉಂಡು, ಮಠದ ಪಾಠಶಾಲೆಯಲ್ಲಿ ಅಕ್ಷರ ಕಲಿತ ನನ್ನಂಥವರಿಗೆ ಪ್ರವಾಸವೆಂದರೆ ಉಪನ್ಯಾಸ. ಕರೆಯೋಲೆ ಬರುತ್ತದೆ, ಹೋಗುತ್ತೇವೆ, ಶಾಲು, ಫಲತಾಂಬೂಲ ಸ್ವೀಕರಿಸಿ ರಾತ್ರಿಯ ಬಸ್ಸಿಗೆ ಮರಳುತ್ತೇವೆ. ಊರು ಕಣ್ಣಿಗೆ ಬೀಳುವುದೇ ಇಲ್ಲ. ಮಂಗಳೂರಿಗೂ ಹೀಗೆಯೇ ನಾಲ್ಕಾರು ಬಾರಿ ಹೋಗಿ ಬಂದವನು ನಾನು. ಕಳೆದ ಮಾಘಮಾಸದಲ್ಲಿ ಮಾತ್ರ ಯಾವ ಉಪನ್ಯಾಸವೂ ಇಲ್ಲದೆ ಎರಡು ದಿನ ಅಲ್ಲಿದ್ದೆ. ಗೆಳೆಯನ ಜೊತೆ ಕುಳಿತು ಚಹಾ ಕುಡಿಯುವುದು, ಸಾಧ್ಯವಾದರೆ ಒಂದು ಆಟ ನೋಡುವುದು, ಇಷ್ಟೇ ಉದ್ದೇಶ.

ಈ ಗೆಳೆಯನೂ ನಾನೂ ಮಠದ ಉಚಿತ ಪ್ರಸಾದ ನಿಲಯದಲ್ಲಿ ಒಂದೇ ಕೋಣೆಯಲ್ಲಿ ಬೆಳೆದವರು. ಜಾತ್ರೆಗೆ ಬಂದ ನಾಟಕ ಕಂಪನಿಯ ಡೇರೆಗೆ ಒಂದು ರಾತ್ರಿ ಗೋಡೆ ಹಾರಿ ಹೋಗಿ ಸಿಕ್ಕಿಬಿದ್ದೆವು. ಹಿರಿಯ ಗುರುಗಳು ಬೆತ್ತ ಹಿಡಿಯಲಿಲ್ಲ. “ಏನು ನೋಡಿದಿರಿ, ಹೇಳಿರಿ” ಎಂದರು. ಗೆಳೆಯನು ಇಡೀ ನಾಟಕವನ್ನು ಒಂದು ಮಾತೂ ಬಿಡದಂತೆ ಒಪ್ಪಿಸಿದ. ಅವನ ಕಿವಿ ಅಂಥದು. ಮುಂದೆ ಬ್ಯಾಂಕಿನ ನೌಕರಿ ಅವನನ್ನು ಮಂಗಳೂರಿಗೆ ಒಯ್ದಿತು. ಅಲ್ಲಿ ಅವನಿಗೆ ತಾಳಮದ್ದಳೆಯ ಹುಚ್ಚು ಹತ್ತಿತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ರಾಮನೋ ವಾಲಿಯೋ ಆಗಿ ಮಾತಿನಿಂದಲೇ ವಾದಕ್ಕಿಳಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥ ಕೇಳಲು ಅವನು ಎಷ್ಟು ದೂರವಾದರೂ ಹೋಗುತ್ತಿದ್ದ.

ಅಂಥವನ ಮನೆಯಾಕೆ ದೂರವಾಣಿಯಲ್ಲಿ ಹೇಳಿದಳು: “ಅಣ್ಣಾವರೇ, ಎರಡು ವರ್ಷದಿಂದ ಇವರಿಗೆ ಕಿವಿ ಕೇಳುತ್ತಿಲ್ಲ. ತಂದ ಯಂತ್ರ ಕಪಾಟಿನಲ್ಲಿದೆ. ಯಾರ ಮನೆಗೂ ಹೋಗುವುದಿಲ್ಲ. ಬಂದವರ ಎದುರಿಗೂ ಕೂಡುವುದಿಲ್ಲ. ನೀವು ಬಂದರೆ ಹೊರಗೆ ಬಂದಾರು.”

ಶನಿವಾರ ಬೆಳಿಗ್ಗೆ ಬಿಜೈಯಲ್ಲಿ ಬಸ್ಸಿಳಿದು ಅವನ ಮನೆ ಸೇರಿದೆ. ಸ್ನಾನ, ಪೂಜೆಗಳಾದ ಮೇಲೆ ಇಬ್ಬರೂ ಕದ್ರಿಗೆ ನಡೆದೆವು. ಮಂಜುನಾಥನ ಆ ದೇವಾಲಯದಲ್ಲಿ ಕ್ರಿಸ್ತಶಕ 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಆಳುಪ ದೊರೆ ಕುಂದವರ್ಮನ ಕಾಲದ್ದು. ಬೆಟ್ಟದ ಮೇಲೆ ನಾಥಪಂಥದ ಜೋಗಿಮಠವಿದೆ. ಬೌದ್ಧ, ನಾಥ, ಶೈವ ಪರಂಪರೆಗಳು ಒಂದೇ ಗುಡ್ಡದ ನೀರು ಕುಡಿದ ಸ್ಥಳವಿದು. ಹಿಂದಾಗಿದ್ದರೆ ಗೆಳೆಯನು ಇದನ್ನೆಲ್ಲ ತಾನೇ ವಿವರಿಸುತ್ತಿದ್ದ. ಅಂದು ನನ್ನ ಮಾತು ಬರದಷ್ಟು ದೂರದಲ್ಲಿ ಮುಂದೆ ಮುಂದೆ ನಡೆದ.

ಬಲ್ಮಠದ ದಾರಿಯಲ್ಲಿ ಇಳಿಯುವಾಗ ನಾನು ಕೈಮುಗಿದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ಈ ಊರಿನಿಂದ. ಅದನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರೇ ಮುಂದೆ ತಮ್ಮ ಗ್ರಂಥಮಾಲೆಯಲ್ಲಿ ನಮ್ಮ ಬಸವಪುರಾಣವನ್ನೂ ಅಚ್ಚು ಹಾಕಿಸಿದರು. ಪರಮತದವರು ನಮ್ಮ ಪುರಾಣದ ಓಲೆಗರಿಗಳನ್ನು ಹುಡುಕಿ ಓದಿದ್ದನ್ನು ನೆನೆದರೆ ಮನಸ್ಸು ಬಾಗುತ್ತದೆ.

ಸಂಜೆ ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಚಹಾ. ಹಿಂದೆ ಅಪ್ಪಣ್ಣನೆಂಬ ಮುದುಕ ಅಲ್ಲಿ ಕಟ್ಟೆಯ ಮೇಲೆ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದನೆಂದೂ, ಆ ‘ಅಪ್ಪಣ್ಣನ ಕಟ್ಟೆ’ಯೇ ಹಂಪನಕಟ್ಟೆಯಾಯಿತೆಂದೂ ಊರಿನವರು ಹೇಳುತ್ತಾರೆ. ಬಾಯಾರಿದವರಿಗೆ ನೀರು ಕೊಟ್ಟವನ ಹೆಸರು ನಗರದ ನಡುಮಧ್ಯಕ್ಕೆ ಉಳಿದಿದೆಯೆಂದರೆ ಅದೂ ಒಂದು ದಾಸೋಹವೇ. ಬಂಟ್ವಾಳದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮ್ಮನ್ನು ಕೂಡಿಕೊಂಡರು. ಗೆಳೆಯನ ತಾಳಮದ್ದಳೆಯ ಹಳೆಯ ಒಡನಾಡಿ. “ಬನ್ನಿ ಮಾರಾಯ್ರೆ, ಮೊದಲು ಚಾ ಕುಡಿಯುವ” ಎಂದು ಗೋಳಿಬಜೆ, ಬನ್ಸ್ ತರಿಸಿದರು.

ಅಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಮೇಷ್ಟ್ರು “ಮಗಳು ಯಾವಾಗ ಬರುತ್ತಾಳೆ?” ಎಂದು ಕೇಳಿದರೆ ಗೆಳೆಯನು “ಸಕ್ಕರೆ ಸಾಕು” ಎಂದ. ಪಕ್ಕದ ಮೇಜಿನ ಹುಡುಗರು ನಕ್ಕರು. ನಾನೂ ನಕ್ಕೆ, ಇದನ್ನು ಮುಚ್ಚಿಡಲಾರೆ. ಅವನು ಲೋಟ ಕೆಳಗಿಟ್ಟ. ಆಮೇಲೆ ಎಲ್ಲ ಮಾತಿಗೂ ತಲೆಯಾಡಿಸಿದ, ಒಂದಕ್ಕೂ ಉತ್ತರ ಹೇಳಲಿಲ್ಲ. ಕಿವುಡು ಅವನನ್ನು ಮನೆಯಲ್ಲಿ ಕೂಡಿಸಲಿಲ್ಲ, ನಮ್ಮ ನಗೆ ಕೂಡಿಸಿತ್ತು ಎಂಬುದು ನನಗೆ ಆಗ ತಿಳಿಯಿತು.

ಮೇಷ್ಟ್ರು ಜಾಣರು. ಜೇಬಿನ ಚೀಟಿಯ ಮೇಲೆ “ತಾಳಮದ್ದಳೆ ಬೇಡ, ಇವತ್ತು ಆಟಕ್ಕೆ ಹೋಗುವ. ದಕ್ಷಾಧ್ವರ” ಎಂದು ಬರೆದು ಅವನ ಮುಂದೆ ಸರಿಸಿದರು. ಅವನು ಬಹಳ ಹೊತ್ತು ನೋಡಿ ಎದ್ದು ನಿಂತ.

ಆಟವಿದ್ದದ್ದು ಪುರಭವನದಲ್ಲಿ. ಅದಕ್ಕೆ ಕುದ್ಮುಲ್ ರಂಗರಾಯರ (1859–1928) ಹೆಸರು. 1892ರಲ್ಲಿಯೇ ದಲಿತರ ಮಕ್ಕಳಿಗೆ ಶಾಲೆ ತೆರೆದು, ಸ್ವಜನರ ಬಹಿಷ್ಕಾರವನ್ನು ಸಹಿಸಿದ ಮಹನೀಯರು ಅವರು. ಚೆಂಡೆಯವರು ನಿಂತ ಬದಿಗೇ ಮುಂದಿನ ಸಾಲಿನಲ್ಲಿ ಕುಳಿತೆವು.

ನಮ್ಮ ಪ್ರಾಚೀನರು ನಾಟಕವನ್ನು ದೃಶ್ಯಕಾವ್ಯವೆಂದು ಕರೆದರು. ಅದನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದೆ. ಅರ್ಥವಾದದ್ದು ಆ ರಾತ್ರಿ. ಭಾಗವತರ ಪ್ರತಿಯೊಂದು ಪದವೂ ನನಗೆ ಕೇಳುತ್ತಿತ್ತು, ಆದರೆ ತೆಂಕುತಿಟ್ಟಿನ ಕುಣಿತದ ಭಾಷೆ ತಿಳಿಯದು. ಗೆಳೆಯನಿಗೆ ಪದ ಕೇಳದು, ಆಟವೆಲ್ಲ ತಿಳಿಯುತ್ತಿತ್ತು. ಚೆಂಡೆಯ ಪೆಟ್ಟು ಕುರ್ಚಿಯ ಮೂಲಕ ಮೈಗೆ ಬರುತ್ತಿದೆಯೆಂದು ನನ್ನ ಅಂಗೈ ಹಿಡಿದು ಕುರ್ಚಿಯ ತೋಳಿನ ಮೇಲೆ ಒತ್ತಿದ. ದಾಕ್ಷಾಯಿಣಿಯ ಕೈ ನಡುಗಿದ್ದು ಏಕೆ, ದಕ್ಷನು ಮುಖ ತಿರುಗಿಸಿದ್ದು ಏಕೆ ಎಂದು ಹೇಳತೊಡಗಿದ. ತನ್ನ ದನಿ ತನಗೆ ಕೇಳದ್ದರಿಂದ ಗಟ್ಟಿಯಾಗಿಯೇ ಹೇಳಿದ. ಮುಂದೆ ಕುಳಿತವರಿಲ್ಲ, ಹಿಂದಿನವರು ಆಕ್ಷೇಪಿಸಲಿಲ್ಲ, ಚೆಂಡೆ ಅವನಿಗಿಂತ ದೊಡ್ಡದಾಗಿತ್ತು.

ಕೊನೆಗೆ ಸಭೆಯ ನಡುವಿನಿಂದ ಆರ್ಭಟಿಸುತ್ತ ವೀರಭದ್ರ ಬಂದ. ಬಣ್ಣದ ವೇಷ, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಇಡುವ ಚುಟ್ಟಿಗೆ ಗಂಟೆಗಟ್ಟಲೆ ಹಿಡಿಯುತ್ತದಂತೆ. ನಮ್ಮ ಜಾತ್ರೆಯ ಪುರವಂತರನ್ನು ಕಂಡಂತೆ ನನಗೆ ಮೈ ಜುಮ್ಮೆಂದಿತು. ಗೆಳೆಯನು ಎದ್ದು ನಿಂತು, ಬಾಲ್ಯದಲ್ಲಿ ಕಲಿತ ವೀರಗಾಸೆಯ ಒಡಪನ್ನು ಸಣ್ಣಗೆ ಗುಣುಗುಟ್ಟಿದ. ಅವನ ಕಣ್ಣಲ್ಲಿ ನೀರಿತ್ತು. ಹೊರಗೆ ಬಂದ ಮೇಲೆ ನಾನೇ ಕೇಳಿದೆ: “ಹಿಂದೆ ಗುರುಗಳಿಗೆ ಒಪ್ಪಿಸಿದ ಹಾಗೆ ಇದನ್ನೂ ನನಗೆ ಒಪ್ಪಿಸು.” ಮನೆಯವರೆಗೂ ಒಪ್ಪಿಸಿದ.

ಭಾನುವಾರ ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿ ಮರಳಿನ ಮೇಲೆ ಕುಳಿತೆವು. ತಂಗಿ ತಂದಿದ್ದ ಥರ್ಮಾಸಿನ ಚಹಾ ಎಲ್ಲರ ಕೈಗೂ ಬಂತು. ಅಂದು ನಮ್ಮ ಮುಖಕ್ಕೆ ಬೆಳಕು ಬೀಳುವಂತೆ, ಅವನಿಗೆ ಎದುರಾಗಿ ಕುಳಿತು, ಕೂಗದೆ ನಿಧಾನವಾಗಿ ಒಬ್ಬೊಬ್ಬರೇ ಮಾತಾಡಿದೆವು. ಎರಡು ಸಲ “ಮತ್ತೊಮ್ಮೆ ಹೇಳು” ಎಂದ, ಸಂಕೋಚವಿಲ್ಲದೆ. ಹೊರಡುವ ಹೊತ್ತಿಗೆ ಕಪಾಟಿನ ಯಂತ್ರ ಕಿವಿಯಲ್ಲಿತ್ತು. “ಇದು ಪಾತ್ರೆಯ ಸದ್ದನ್ನೂ ದೊಡ್ಡದು ಮಾಡುತ್ತದೆ, ಆದರೂ ಇರಲಿ” ಎಂದ.

ಶರಣಬಂಧುಗಳೇ, ಕಿವಿ ಮಂದವಾದ ಹಿರಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರು ತಪ್ಪು ಉತ್ತರ ಕೊಟ್ಟಾಗ ನಗಬೇಡಿ. ಎದುರಿಗೆ ಬಂದು ಕುಳಿತು ಇನ್ನೊಮ್ಮೆ ಹೇಳಿ. ಹತ್ತಿರದಲ್ಲಿ ಆಟವೋ ನಾಟಕವೋ ಇದ್ದರೆ ಕರೆದುಕೊಂಡು ಹೋಗಿ. ಮುಂದಿನ ಮಾಘಕ್ಕೆ ನಾನು ಮತ್ತೆ ಮಂಗಳೂರಿಗೆ ಹೋಗುವವನಿದ್ದೇನೆ, ಉಪನ್ಯಾಸವಿಲ್ಲದೆ.